ಮಲ್ಪೆಯ ಮರಳು, ಆಗುಂಬೆಯ ತಿರುವು: ಗುರುತ್ವ ಅಳೆದ ಐದು ದಿನ

ಮೊದಲ ದಿನ, ಮಂಗಳೂರು

ಅಂಡಮಾನಿನ ಕೆಲಸ ಬೇಕೆಂದು ಸರ್ ಹತ್ತಿರ ಹಟ ಮಾಡಿ ಕೇಳಿದ್ದು ನಾನೇ. ಅಲ್ಲಿ ಭಾರತದ ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ನಮ್ಮ ದೊಡ್ಡ ತುಂಡು, ಬರ್ಮಾ ಫಲಕದ ಅಡಿಗೆ ನುಗ್ಗುತ್ತಿದೆ. ಆ ಸಾಲಿನ ಕೆಳಗೆ ಭೂಮಿಯ ತೊಗಟೆ ಎಲ್ಲಿ ಬಾಗಿದೆ, ಎಲ್ಲಿ ದಪ್ಪವಾಗಿದೆ ಎಂದು ಗುರುತ್ವದ ಅಳತೆಗಳಿಂದ ತಿಳಿಯುವುದು ನನ್ನ ಪಿಎಚ್‌ಡಿ. ಅಂಕಿಗಳೆಲ್ಲ ಕಂಪ್ಯೂಟರಿನಲ್ಲಿ ಇದ್ದವು. ಸರ್ ಕೊಡಲಿಲ್ಲ.

"ಮೊದಲು ಐದು ದಿನ ನಿನ್ನ ಊರಿನ ಕರಾವಳಿಯಲ್ಲಿ ಮೀಟರ್ ಹೊತ್ತು ಅಳೆ. ಒಂದು ಅಂಕಿ ಹುಟ್ಟಲಿಕ್ಕೆ ಎಷ್ಟು ಬೇಕು ಅಂತ ಗೊತ್ತಾಗಲಿ. ಅಂಡಮಾನಿನಲ್ಲಿ ಫಲಕದ ಅಂಚು ಕೆಳಗೆ ಹೋಗ್ತಾ ಉಂಟು. ಇಲ್ಲಿ ಪಕ್ಕದ ನೆಲ ಬಿಟ್ಟು ಹೋಗಿ ಉಳಿದ ಅಂಚು. ಇದನ್ನು ನೋಡದೆ ಅದನ್ನು ಹೇಗೆ ಓದ್ತಿ?"

ಹಾಗೆ ಜನವರಿಯ ಒಂದು ಸೋಮವಾರ ಬೆಳಗ್ಗೆ ಏಳು ಗಂಟೆಗೆ ಮಂಗಳೂರಿನ ಒಂದು ಹಳೆಯ ಕಟ್ಟಡದ ಜಗಲಿಯಲ್ಲಿ ನಾವು ನಾಲ್ವರು ನಿಂತಿದ್ದೆವು: ಸರ್, ನಾನು, ನನ್ನ ಜೂನಿಯರ್ ಹುಡುಗ, ಜೀಪಿನ ಡ್ರೈವರಣ್ಣ. ನಡುವೆ ಮೂರು ಕಾಲಿನ ಗಿಡ್ಡ ಸ್ಟ್ಯಾಂಡು, ಅದರ ಮೇಲೆ ಎಂಟು ಕೆಜಿ ತೂಗುವ ಗ್ರಾವಿಮೀಟರ್. ಒಳಗಿರುವುದು ಒಂದು ಕ್ವಾರ್ಟ್ಜ್ ಸ್ಪ್ರಿಂಗು, ಅದಕ್ಕೆ ತೂಗುಬಿಟ್ಟ ಒಂದು ಪುಟ್ಟ ತೂಕ. ಭೂಮಿ ಜಾಸ್ತಿ ಎಳೆದರೆ ಸ್ಪ್ರಿಂಗ್ ಕೂದಲೆಳೆಯ ಎಷ್ಟೋ ಪಾಲಿನಷ್ಟು ಜಗ್ಗುತ್ತದೆ. ಒಳಗೆ ಹೀಟರ್ ಹಗಲೂ ರಾತ್ರಿ ಉರಿಯುತ್ತಿರಬೇಕು. ಬ್ಯಾಟರಿ ಸತ್ತು ಸ್ಪ್ರಿಂಗ್ ತಣ್ಣಗಾದರೆ ಮತ್ತೆ ಹದಕ್ಕೆ ಬರಲು ದಿನಗಟ್ಟಲೆ ಕಾಯಬೇಕು.

ಇಲ್ಲಿಯ ಅಳತೆ ಮಿಲಿಗ್ಯಾಲ್. ಗೆಲಿಲಿಯೋನ ಹೆಸರಿನಿಂದ ಬಂದದ್ದು ಗ್ಯಾಲ್, ಅಂದರೆ ಸೆಕೆಂಡಿಗೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ ಏರುವುದು. ಅದರ ಸಾವಿರದ ಒಂದು ಪಾಲು ಮಿಲಿಗ್ಯಾಲ್. ನಮ್ಮ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಲ್ಲಿ, ಭೂಮಿಯ ಎಳೆತ ಸುಮಾರು 9,78,300 ಮಿಲಿಗ್ಯಾಲ್ ಇರಬೇಕೆಂದು ಸೂತ್ರ ಹೇಳುತ್ತದೆ. ನಾವು ಹುಡುಕಿ ಹೊರಟದ್ದು ಆ ಒಂಬತ್ತೂಮುಕ್ಕಾಲು ಲಕ್ಷದ ತುದಿಯಲ್ಲಿ ಬರುವ ಹತ್ತು, ಇಪ್ಪತ್ತು, ಐವತ್ತರ ಹೆಚ್ಚುಕಡಿಮೆಯನ್ನು. ಮೀಟರ್ ಹಿಡಿಯುವುದೋ ಒಂದು ಮಿಲಿಗ್ಯಾಲಿನ ಸಾವಿರದ ಒಂದು ಪಾಲನ್ನು.

ಜಗಲಿಯ ಆ ಜಾಗವೇ ನಮ್ಮ ಬೇಸ್. ಹೊರಡುವ ಮೊದಲು ಅಲ್ಲಿ ಓದಬೇಕು, ಮರಳಿದ ಮೇಲೆ ಅಲ್ಲೇ ಓದಬೇಕು. ಸ್ಪ್ರಿಂಗ್ ಗಂಟೆಗಂಟೆಗೂ ಚೂರು ಚೂರು ಸಡಿಲವಾಗುತ್ತಿರುತ್ತದೆ. ಜೊತೆಗೆ ಚಂದ್ರ ಸೂರ್ಯರು ಕಡಲನ್ನು ಎಳೆದ ಹಾಗೆ ಈ ಪುಟ್ಟ ತೂಕವನ್ನೂ ಎಳೆಯುತ್ತಾರೆ. ಅವರಿಬ್ಬರದ್ದೇ ದಿನಕ್ಕೆ 0.3 ಮಿಲಿಗ್ಯಾಲ್‌ವರೆಗೆ ಏರಿಳಿತ ಆಗಬಹುದು. ಮೊದಲ ದಿನವಿಡೀ ನಾವು ಬೇಸ್ ಬಿಟ್ಟು ಕದಲಲಿಲ್ಲ. ಅರ್ಧ ಗಂಟೆಗೊಮ್ಮೆ ಓದಿದೆವು, ಬರೆದೆವು. ಸಂಜೆ ಗ್ರಾಫ್ ಎಳೆದಾಗ ಗೆರೆ ನಿಧಾನ ಏರಿ, ಇಳಿದು, ಮತ್ತೆ ಏರಿತ್ತು. ತಣ್ಣೀರುಬಾವಿಯ ಕಡೆ ಕಡಲು ಭರತಕ್ಕೆ ತಿರುಗುವ ಹೊತ್ತು, ಇಲ್ಲಿ ಸಿಮೆಂಟಿನ ನೆಲದ ಮೇಲೆ ಕೂತ ಯಂತ್ರಕ್ಕೂ ಚಂದ್ರ ಇದ್ದದ್ದು ತಿಳಿದಿತ್ತು. ಪುಸ್ತಕದಲ್ಲಿ ಓದಿದ್ದ ವಿಷಯವೇ. ಆದರೂ ಆ ಗೆರೆಯನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತೆ.

ಮಂಗಳೂರಿಗೂ ಭೂಮಿ ಅಳೆಯುವ ಕೆಲಸಕ್ಕೂ ಹಳೆಯ ನಂಟಿದೆ. 1802ರಲ್ಲಿ ಮದರಾಸಿನ ಹತ್ತಿರ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ತ್ರಿಕೋನಗಳ ಸರಪಳಿ ಪಶ್ಚಿಮದಲ್ಲಿ ಬಂದು ಮುಟ್ಟಿದ್ದು ಇಲ್ಲಿಗೆ. ಆ ಅಳತೆಯಿಂದಲೇ, ನಕ್ಷೆಗಳಲ್ಲಿ ಸುಮಾರು 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿ ಎಂದು ತಿದ್ದುಪಡಿ ಆಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲಿಂದ ಮಾಯ.

ಎರಡನೇ ದಿನ, ಹೆದ್ದಾರಿಗುಂಟ ಉಡುಪಿಗೆ

ಪಣಂಬೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ಎರಡು ಕಿಲೋಮೀಟರಿಗೊಂದು ಸ್ಟೇಷನ್. ಕೆಲಸದ ಕ್ರಮ ಒಂದೇ: ಜೀಪ್ ನಿಲ್ಲಿಸು, ಸ್ಟ್ಯಾಂಡು ಊರು, ಮೂರು ತಿರುಪು ತಿರುಗಿಸಿ ಮಟ್ಟ ಮಾಡು, ಒಂದು ನಿಮಿಷ ಉಸಿರು ಬಿಗಿಹಿಡಿದು ಓದು, ಮೂರು ಸಲ ಓದು, ಜಿಪಿಎಸ್‌ನಲ್ಲಿ ಎತ್ತರ ತೆಗೆ, ಪುಸ್ತಕದಲ್ಲಿ ಬರೆ, ಹೊರಡು.

ಹೆದ್ದಾರಿಯ ಬದಿಯಲ್ಲಿ ಇದು ಆಗುವ ಕೆಲಸವಲ್ಲ ಎಂದು ಮೊದಲ ಸ್ಟೇಷನ್ನಿನಲ್ಲೇ ಗೊತ್ತಾಯಿತು. ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋದರೆ ಸಾಕು, ಓದಿನ ಏರುಪೇರು ಹತ್ತು ಪಟ್ಟು. ಬಸ್ಸಿನ ಹಿಂದೆ ಮೀನಿನ ಲಾರಿ, ಅದರ ಹಿಂದೆ ಗ್ಯಾಸ್ ಟ್ಯಾಂಕರ್. ಹಾಗಾಗಿ ರಸ್ತೆ ಬಿಟ್ಟು ಒಳಗಿನ ಓಣಿಗಳಿಗೆ ಇಳಿದೆವು. ಭಜನಾ ಮಂದಿರದ ಕಟ್ಟೆ, ಶಾಲೆಯ ಅಂಗಳ, ಯಾರದೋ ಮನೆಯ ಕೆಂಪುಕಲ್ಲಿನ ಪಾಗಾರದ ಬುಡ. ತೆಂಗಿನ ಮರದ ಹತ್ತಿರ ಇಡಬಾರದು ಎಂಬುದನ್ನು ಕಾಪುವಿನಲ್ಲಿ ಕಲಿತೆ. ಗಾಳಿಗೆ ಮರ ತೂಗಿದರೆ ಬೇರು ನೆಲವನ್ನು ಅಲುಗಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೀಟರಿಗೆ ಕಾಣುತ್ತದೆ.

ಪಡುಬಿದ್ರಿಯ ಹತ್ತಿರ ಒಬ್ಬರು ಹೆಂಗಸು ಬಾವಿಕಟ್ಟೆಯಿಂದ ಬಂದು ಮೊದಲು ತುಳುವಿನಲ್ಲಿ "ಉಂದು ದಾದ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುಖದಲ್ಲಿ ಆತಂಕ. "ಮತ್ತೆ ರೋಡ್ ಅಗಲ ಮಾಡ್ಲಿಕ್ಕಾ? ಮೊನ್ನೆ ಮೊನ್ನೆ ಎದುರಿನ ಐದು ಸೆಂಟ್ಸ್ ಹೋದದ್ದು ನಮ್ಮದು."

ಇಲ್ಲ ಅಕ್ಕ, ನೆಲದ ಕೆಳಗೆ ಕಲ್ಲು ಎಷ್ಟು ಭಾರ ಇದೆ ಅಂತ ನೋಡ್ಲಿಕ್ಕೆ, ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಮೂರು ಓದು ಮುಗಿಯುವ ತನಕ ಪಕ್ಕದಲ್ಲೇ ನಿಂತು, ನಾವು ಗೂಟ ಹೊಡೆಯಲಿಲ್ಲ, ಪೈಂಟ್ ಬಳಿಯಲಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಪುನರ್ಪುಳಿ ಶರಬತ್ತು ತಂದುಕೊಟ್ಟರು. ಅವರ ಆತಂಕದಲ್ಲಿ ತಪ್ಪೇನಿಲ್ಲ. ಅಳೆಯಲು ಬಂದವರೆಲ್ಲ ಆ ಊರಿನಿಂದ ಏನಾದರೂ ತೆಗೆದುಕೊಂಡೇ ಹೋಗಿದ್ದಾರೆ.

ಮಂಗಳೂರಿನಿಂದ ಉಡುಪಿಗೆ ಬರುವಷ್ಟರಲ್ಲಿ ಬರೀ ಉತ್ತರಕ್ಕೆ ಸರಿದ ಕಾರಣಕ್ಕೇ ಎಳೆತ ಸುಮಾರು 19 ಮಿಲಿಗ್ಯಾಲ್ ಹೆಚ್ಚಬೇಕು. ಭೂಮಿ ತಿರುಗುವುದರಿಂದ ನಡು ಉಬ್ಬಿದೆ, ಧ್ರುವ ಚಪ್ಪಟೆಯಾಗಿದೆ, ಅದಕ್ಕೆ. ಆ ಹತ್ತೊಂಬತ್ತನ್ನು ಮೊದಲು ಕಳೆಯಬೇಕು. ಇಲ್ಲದಿದ್ದರೆ ಕಟಪಾಡಿಯ ಅಡಿಯಲ್ಲಿ ಯಾವುದೋ ಭಾರದ ಬಂಡೆ ಇದೆ ಎಂದು ಬರೆದುಬಿಡುವ ಅಪಾಯ.

ರಾತ್ರಿ ಉಳಿದದ್ದು ಕಲ್ಯಾಣಪುರದ ನನ್ನ ಅಜ್ಜಿಮನೆಯಲ್ಲಿ. ಸರ್‌ಗೆ ಆ ಹೆಸರು ಕೇಳಿಯೇ ಖುಷಿ. ಊಟಕ್ಕೆ ಕೂತಾಗ ಇನ್ನೊಂದು ಕಲ್ಯಾಣಪುರದ ಕತೆ ತೆಗೆದರು. ಅದು ಮಧ್ಯಪ್ರದೇಶದ್ದು. ಲ್ಯಾಂಬ್ಟನ್ ನಂತರ ಜಾರ್ಜ್ ಎವರೆಸ್ಟ್ ಸರ್ವೆ ನಡೆಸಿದಾಗ, ಆ ಊರಿಗೂ ಹಿಮಾಲಯದ ಹತ್ತಿರದ ಕಲಿಯಾನಾಕ್ಕೂ ನಡುವಿನ ಅಂತರವನ್ನು ಎರಡು ರೀತಿಯಲ್ಲಿ ಅಳೆದರು. ನೆಲದ ಮೇಲೆ ತ್ರಿಕೋನ ಹಾಕಿ ಒಂದು, ನಕ್ಷತ್ರ ನೋಡಿ ಇನ್ನೊಂದು. ಎರಡಕ್ಕೂ ಕೋನದಲ್ಲಿ 5.24 ಸೆಕೆಂಡಿನ ವ್ಯತ್ಯಾಸ ಬಂತು (ಇಲ್ಲಿ ಸೆಕೆಂಡು ಎಂದರೆ ಒಂದು ಡಿಗ್ರಿಯ 3,600ರ ಒಂದು ಪಾಲು). ನಕ್ಷತ್ರ ನೋಡುವಾಗ ತೂಗುಗುಂಡನ್ನು ನಂಬಬೇಕು, ಆ ಗುಂಡನ್ನು ಹಿಮಾಲಯ ತನ್ನ ಕಡೆ ಎಳೆದುಕೊಂಡಿತ್ತು. ಕಲ್ಕತ್ತೆಯ ಪಾದ್ರಿ ಜಾನ್ ಪ್ರಾಟ್ 1855ರಲ್ಲಿ ಲೆಕ್ಕ ಹಾಕಿದರೆ, ಅಷ್ಟು ದೊಡ್ಡ ಪರ್ವತಕ್ಕೆ 15 ಸೆಕೆಂಡಿಗೂ ಹೆಚ್ಚು ಎಳೆಯಬೇಕಿತ್ತು! ಎಳೆದದ್ದು ಅದರ ಮೂರನೇ ಒಂದು ಪಾಲು. ಉಳಿದ ಭಾರ ಎಲ್ಲಿ ಹೋಯಿತು? ಪರ್ವತದ ಅಡಿಯಲ್ಲಿ ಹಗುರ ಕಲ್ಲಿನ ಬೇರು ಆಳಕ್ಕೆ ಇಳಿದಿದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯ ಹಾಗೆ, ಎಂದು ಅದೇ ವರ್ಷ ಜಾರ್ಜ್ ಏರಿ ಉತ್ತರ ಕೊಟ್ಟ. ತೊಗಟೆ ಎಲ್ಲೆಡೆ ಒಂದೇ ದಪ್ಪ ಇಲ್ಲ ಎಂಬ ಮಾತು ಬಲವಾಗಿ ಎದ್ದದ್ದು ಹೀಗೆ, ನಮ್ಮ ದೇಶದ ಒಂದು ಸರ್ವೆಯ ಸಣ್ಣ ಹೊಂದಾಣಿಕೆಯ ತೊಂದರೆಯಿಂದ.

ಅಜ್ಜಿ ಇಷ್ಟೆಲ್ಲ ಕೇಳಿಸಿಕೊಂಡು, "ಈ ಪೆಟ್ಟಿಗೆ ಎಂತ ಹೇಳ್ತದೆ, ಅದನ್ನು ಹೇಳಿ" ಎಂದರು. ಹಾಗಾಗಿ ಮೀಟರನ್ನು ಚಾವಡಿಯಲ್ಲಿ ಒಮ್ಮೆ, ಉಪ್ಪರಿಗೆಯಲ್ಲಿ ಒಮ್ಮೆ ಇಟ್ಟು ಓದಿದೆ. ಮೂರು ಮೀಟರ್ ಎತ್ತರಕ್ಕೆ ಎಳೆತ ಹೆಚ್ಚುಕಡಿಮೆ 0.9 ಮಿಲಿಗ್ಯಾಲ್ ಕಮ್ಮಿ. ಒಂದು ಮೀಟರಿಗೆ 0.3086, ಲೆಕ್ಕ ಸರಿಹೋಯಿತು.

"ಅಂದ್ರೆ ಉಪ್ಪರಿಗೆ ಹತ್ತಿದ್ರೆ ನನ್ನ ತೂಕ ಕಮ್ಮಿ ಆಗ್ತದಾ?"

"ಆಗ್ತದೆ ಅಜ್ಜಿ. ನಿಮ್ಮದು ಐವತ್ತು ಕೆಜಿ ಅಂತ ಇಟ್ಕೊಂಡ್ರೆ, ಎರಡು ಅಕ್ಕಿಕಾಳಿನಷ್ಟು."

ಅಜ್ಜಿ ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿಯ ಎರಡು ಕಾಳು ಅಂಗೈಯಲ್ಲಿಟ್ಟುಕೊಂಡು ಬಂದರು. ದೀಪದ ಕೆಳಗೆ ಹಿಡಿದು ನೋಡಿದರು. ಆಮೇಲೆ ಮೀಟರಿನ ಪೆಟ್ಟಿಗೆಯ ಮೇಲೆ ಕೈ ಸವರಿ, "ಜಾಗ್ರತೆಯಲ್ಲಿ ಇಡು ಮಗಾ, ಮಕ್ಕಳ ಕೈಗೆ ಸಿಗದ ಹಾಗೆ" ಎಂದರು.

ಮೂರನೇ ದಿನ, ಮಲ್ಪೆ ಮತ್ತು ದ್ವೀಪ

ಬೆಳಗ್ಗೆ ಆರೂವರೆಗೆ ಮಲ್ಪೆ ಬೀಚ್. ಜಿಪಿಎಸ್ ರಿಸೀವರಿನ ಕೋಲನ್ನು ಅಲೆ ಬಂದು ಮುಟ್ಟುವ ಕಡೆ ಊರಿದೆ. ನೀರು ನನ್ನ ಹಿಮ್ಮಡಿ ನೆನೆಸುತ್ತಿತ್ತು. ತೆರೆಯ ಮೇಲೆ ಎತ್ತರ ಓದಿದ ಜೂನಿಯರ್ ಕೂಗಿದ, "ಅಕ್ಕ, ಮೈನಸ್ ಎಂಬತ್ತರ ಮೇಲೆ ತೋರಿಸ್ತಾ ಉಂಟು! ಹಾಳಾಗಿದೆ!"

ಹಾಳಾಗಿರಲಿಲ್ಲ. ಜಿಪಿಎಸ್ ಅಳೆಯುವುದು ಭೂಮಿಯ ನಯವಾದ ಗಣಿತದ ಆಕಾರದಿಂದ. ನಿಜವಾದ ಕಡಲು ಹಾಗೆ ನಯವಾಗಿಲ್ಲ. ಎಳೆತ ಹೆಚ್ಚಿರುವ ಕಡೆ ಉಬ್ಬಿರುತ್ತದೆ, ಕಡಿಮೆಯಿರುವ ಕಡೆ ತಗ್ಗಿರುತ್ತದೆ. ಲೋಕದ ಅತಿ ದೊಡ್ಡ ತಗ್ಗು ನಮ್ಮ ದಕ್ಷಿಣಕ್ಕೆ, ಶ್ರೀಲಂಕಾದ ಕೆಳಗಿನ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಕಡಲಿನ ಮಟ್ಟ ಆ ಗಣಿತದ ಆಕಾರಕ್ಕಿಂತ ಸುಮಾರು 106 ಮೀಟರ್ ಕೆಳಗೆ. ಅದರ ಇಳಿಜಾರು ಮಲ್ಪೆಯವರೆಗೂ ಹಬ್ಬಿದೆ. ಮಲ್ಪೆಯ ದೋಣಿಗಳೆಲ್ಲ ಅಂಥದೊಂದು ಬೋಗುಣಿಯ ಅಂಚಿನಲ್ಲಿ ತೇಲುತ್ತಿವೆ, ಯಾರಿಗೂ ಇಳಿಜಾರು ಗೊತ್ತಾಗದೆ. ನೀರು ಹರಿದು ಹೋಗುವುದಿಲ್ಲ, ಏಕೆಂದರೆ ಅಲ್ಲಿ ಸಮತಟ್ಟು ಎಂದರೆ ಅದೇ.

ಈ ತಗ್ಗಿಗೆ ಕಾರಣ ಏನು? 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೊಟ್ಟ ಉತ್ತರ ನನ್ನ ಕೆಲಸಕ್ಕೆ ತುಂಬ ಹತ್ತಿರದ್ದು. ಭಾರತ ಉತ್ತರಕ್ಕೆ ಸರಿಯುವಾಗ ನಡುವೆ ಇದ್ದ ಟೆಥಿಸ್ ಕಡಲಿನ ತಳ ಏಷ್ಯಾದ ಕಡೆ ನುಗ್ಗಿ ಮುಳುಗಿತು. ಮುಳುಗಿದ ಆ ತುಂಡುಗಳು ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲಿನ ಆಳ ಮುಟ್ಟಿ, ಆಫ್ರಿಕಾದಡಿಯ ಬಿಸಿ ರಾಶಿಯನ್ನು ಕದಡಿದವು. ಅಲ್ಲಿಂದ ಎದ್ದ ಹಗುರವಾದ ಬಿಸಿ ವಸ್ತು ಹಿಂದೂ ಮಹಾಸಾಗರದ ಅಡಿಗೆ ಹರಿದು ಬಂದು ಎಳೆತ ಕುಗ್ಗಿಸಿದೆ ಎಂಬುದು ಅವರ ಲೆಕ್ಕಾಚಾರ. ಕೋಟ್ಯಂತರ ವರ್ಷ ಹಿಂದೆ ಮುಳುಗಿದ ಒಂದು ಕಡಲತಳದ ಗುರುತು ನನ್ನ ಹಿಮ್ಮಡಿಯ ಹತ್ತಿರ ಮೈನಸ್ ಅಂಕಿಯಾಗಿ ಮಿನುಗುತ್ತಿತ್ತು.

ಅನುಮತಿ ಮೊದಲೇ ತೆಗೆದುಕೊಂಡಿದ್ದೆವು. ಹತ್ತು ಗಂಟೆಗೆ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು. ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬೋಟಿನಲ್ಲೇ ಒಮ್ಮೆ ಓದಿದರೆ ಆಗುವುದಿಲ್ಲವೇ ಎಂದು ಬೋಟಿನ ಮಾಮ ಕೇಳಿದರು. ಆಗುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ ಮೇಲೆ ಒಂದು ಮೀಟರ್ ಎತ್ತಿ, ಕೆಳಗೆ ಒಂದು ಮೀಟರ್ ಇಳಿಸುವ ಅಲೆ ತನ್ನ ಕಡೆಯಿಂದಲೇ ಸುಮಾರು 39,000 ಮಿಲಿಗ್ಯಾಲ್ ಕೊಡುತ್ತದೆ. ನಮಗೆ ಬೇಕಿರುವುದು ಒಂದೋ ಎರಡೋ. ಜಾತ್ರೆಯ ಚೆಂಡೆಯ ನಡುವೆ ಇರುವೆಯ ಸದ್ದು ಕೇಳಿದ ಹಾಗೆ.

ಇದೇ ತೊಂದರೆಯನ್ನು ನೂರು ವರ್ಷ ಹಿಂದೆ ಡಚ್ ವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್ ಎದುರಿಸಿದ್ದ. ಆತ ಎಳೆತ ಅಳೆಯುತ್ತಿದ್ದದ್ದು ಲೋಲಕದಿಂದ, ಅಲೆಗೆ ಕುಣಿಯುವ ಹಡಗಿನಲ್ಲಿ ಅದು ಸರಿಯಾಗಿ ತೂಗುವುದಿಲ್ಲ. ಆದರೆ ಅಲೆಯ ಆರ್ಭಟ ಮೇಲ್ಮೈಯದ್ದು, ಕೆಳಗೆ ಇಳಿದ ಹಾಗೆ ಸಾಯುತ್ತದೆ. ಹಾಗಾಗಿ ಆತ ತನ್ನ ಲೋಲಕಗಳನ್ನು ಜಲಾಂತರ್ಗಾಮಿಯಲ್ಲಿ ಇಟ್ಟ. 1923ರಲ್ಲಿ ಹಾಲೆಂಡಿನಿಂದ ಜಾವಾಕ್ಕೆ ಮೊದಲ ದೊಡ್ಡ ಯಾತ್ರೆ. ಎರಡು ಮೀಟರಿಗಿಂತ ಎತ್ತರದ ಮನುಷ್ಯ ಆ ಇಕ್ಕಟ್ಟಿನ ಕಬ್ಬಿಣದ ಕೊಳವೆಯೊಳಗೆ ವಾರಗಟ್ಟಲೆ ಬಗ್ಗಿ ಕೂತು ಅಳೆದ. ಜಾವಾದ ದಕ್ಷಿಣಕ್ಕೆ, ಸುಮಾತ್ರದ ಪಶ್ಚಿಮಕ್ಕೆ, ಕಡಲತಳದ ಕಂದಕಕ್ಕೆ ಸಮನಾಗಿ ಎಳೆತ ನೂರಕ್ಕೂ ಹೆಚ್ಚು ಮಿಲಿಗ್ಯಾಲ್ ಕುಗ್ಗಿದ ಉದ್ದನೆಯ ಪಟ್ಟಿ ಸಿಕ್ಕಿತು. ಅಲ್ಲಿ ಏನೋ ತೊಗಟೆಯನ್ನು ಕೆಳಕ್ಕೆ ಅದುಮಿ ಹಿಡಿದಿದೆ, ಇಲ್ಲದಿದ್ದರೆ ಆ ಹಗುರ ಭಾಗ ಯಾವತ್ತೋ ಮೇಲೆ ತೇಲಿ ಬರುತ್ತಿತ್ತು ಎಂದು ಆತ ಕಂಡುಕೊಂಡ. ತೊಗಟೆ ಮಡಚಿ ಕುಸಿದಿದೆ ಎಂದು ಆತ ಭಾವಿಸಿದ. ಒಂದು ಫಲಕ ಇನ್ನೊಂದರ ಅಡಿಗೆ ಜಾರಿ ಹೋಗುತ್ತಿದೆ ಎಂಬ ಮಾತು ಗಟ್ಟಿಯಾಗಲು ಮುಂದೆ 1960ರ ದಶಕ ಬರಬೇಕಾಯಿತು. ವಿವರಣೆ ಬದಲಾಯಿತು, ಆತನ ಅಂಕಿಗಳು ಹಾಗೆಯೇ ಉಳಿದವು. ಈ ಮನುಷ್ಯನ ಮೇಲೆ ನನಗೆ ಮೊದಲಿಂದಲೂ ಬಹಳ ಗೌರವ. ಆ ದಿನ ಬೋಟಿನಲ್ಲಿ ಪೆಟ್ಟಿಗೆ ಅಪ್ಪಿ ಕೂತಾಗ ಅದು ಇನ್ನೂ ಹೆಚ್ಚಾಯಿತು.

ದ್ವೀಪದಲ್ಲಿ ಇಳಿದೆವು. ಕಂಬ ಕಂಬವಾಗಿ ನಿಂತ ಕಲ್ಲುಗಳು, ಆರು ಮೂಲೆಯವು ಹೆಚ್ಚು, ಐದರದ್ದೂ ಇವೆ. ಲಾವಾ ತಣ್ಣಗಾಗುವಾಗ ಕುಗ್ಗಿ ಬಿರಿದು, ಬಿರುಕು ಕೆಳಗೆ ಇಳಿಯುತ್ತಾ ಹೋಗಿ ಆದ ಕಂಬಗಳಿವು. ಒಂದು ಕಂಬದ ತಲೆಯ ಮೇಲೆ ಸ್ಟ್ಯಾಂಡಿನ ಮೂರೂ ಕಾಲು ಸರಿಯಾಗಿ ಕೂತಿತು. ಚಪ್ಪಲಿ ಕಳಚಿ ನಿಂತೆ. ಕಲ್ಲಿನಲ್ಲಿ ಸಣ್ಣ ಸಣ್ಣ ತೂತು, ಅವುಗಳೊಳಗೆ ಒಣಗಿದ ಉಪ್ಪು. ಬಿರುಕಿನ ಸಂದಿಯಲ್ಲಿ ಒಂದು ಏಡಿ ಕಾಲು ಮಡಚಿ ಕೂತು ನಮ್ಮನ್ನೇ ನೋಡುತ್ತಿತ್ತು. ಅಲೆ ಬಡಿದಾಗಲೆಲ್ಲ ಓದು ಕುಣಿಯುತ್ತದೆ. ಮೂರು ಸಲ ಸಾಲದೆ ಹನ್ನೆರಡು ಸಲ ಓದಿ ಸರಾಸರಿ ತೆಗೆದೆವು.

ಈ ಲಾವಾಕ್ಕೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಬಿಟ್ಟುಹೋದ ಕಾಲ. ಸರ್ ಹೇಳಿದ ಅಂಚು ಇದೇ. ಇಲ್ಲಿ ತೊಗಟೆ ಎಳೆದು ತೆಳುವಾಗಿ ಹರಿದು, ನಡುವೆ ಕಡಲು ಬಂತು. ಅಂದಿನಿಂದ ಈ ಅಂಚು ಫಲಕದ ಗಡಿಯಲ್ಲ, ಬರೀ ದಡ. ಅಂಡಮಾನಿನಲ್ಲಿ ಅದೇ ಭಾರತ ಫಲಕದ ಇನ್ನೊಂದು ತುದಿ ಇವತ್ತಿಗೂ ಬಾಗಿ ಕೆಳಗೆ ಹೋಗುತ್ತಿದೆ, ನೆಲ ನಡುಗಿಸುತ್ತಿದೆ. ಅಲ್ಲಿನ ಬ್ಯಾರನ್ ದ್ವೀಪದಲ್ಲಿ ಜ್ವಾಲಾಮುಖಿ ಉಗುಳುತ್ತಿದೆ. ಇಲ್ಲಿಯ ಕಲ್ಲಿನ ಮೇಲೆ ಮಣಿಪಾಲದ ಹುಡುಗ ಹುಡುಗಿಯರು ಸೆಲ್ಫಿ ತೆಗೆಯುತ್ತಿದ್ದರು.

ನಾಲ್ಕನೇ ದಿನ, ಆಗುಂಬೆ ಘಾಟಿ

ಉಡುಪಿಯಿಂದ ಹಿರಿಯಡ್ಕ, ಹೆಬ್ರಿ, ಸೋಮೇಶ್ವರ. ಸೋಮೇಶ್ವರದ ಒಂದು ಅಂಗಡಿಯ ಕಟ್ಟೆಯಲ್ಲಿ ಬೆಳಗ್ಗೆ ಎಂಟಕ್ಕೆ ಓದಿ, ಅದನ್ನೇ ಆ ದಿನದ ಉಪ ಬೇಸ್ ಮಾಡಿಕೊಂಡೆವು. ಅಲ್ಲಿಂದ ಹದಿನಾಲ್ಕು ತಿರುವು. ಜೀಪು ನಿಲ್ಲಿಸಲು ಜಾಗವಿರುವ ತಿರುವುಗಳಲ್ಲೆಲ್ಲ ಒಂದೊಂದು ಸ್ಟೇಷನ್.

ಕರಾವಳಿಯಲ್ಲಿ ಕಳೆಯುವ ಲೆಕ್ಕ ಸುಲಭ, ಘಾಟಿಯಲ್ಲಿ ಹಾಗಲ್ಲ. ಆಗುಂಬೆ ಸುಮಾರು 640 ಮೀಟರ್ ಎತ್ತರ. ಭೂಮಿಯ ನಡುವಿನಿಂದ ಅಷ್ಟು ದೂರ ಸರಿದದ್ದಕ್ಕೆ 197 ಮಿಲಿಗ್ಯಾಲ್ ಇಳಿಯಬೇಕು. ಆದರೆ ಕಾಲಡಿಯಲ್ಲಿ 640 ಮೀಟರ್ ಕಲ್ಲು ಹೊಸದಾಗಿ ಸೇರಿಕೊಂಡಿದೆ, ಅದು 72ರಷ್ಟು ವಾಪಸ್ ಎಳೆಯುತ್ತದೆ. ಈ ಎರಡನೆಯ ಲೆಕ್ಕಕ್ಕೆ ಪಿಯೆರ್ ಬೂಗೇರ್‌ನ ಹೆಸರಿದೆ. ಭೂಮಿಯ ಆಕಾರ ಅಳೆಯಲು 1735ರಲ್ಲಿ ಫ್ರಾನ್ಸಿನಿಂದ ದಕ್ಷಿಣ ಅಮೆರಿಕಕ್ಕೆ ಹೋದ ತಂಡದಲ್ಲಿ ಆತ ಇದ್ದ. 1738ರಲ್ಲಿ ಆಂಡೀಸಿನ ಚಿಂಬೊರಾಜೋ ಪರ್ವತದ ಪಕ್ಕ ತೂಗುಗುಂಡು ಇಳಿಬಿಟ್ಟು ನೋಡಿದ. ಪ್ರಾಟ್ ಕಂಡದ್ದನ್ನೇ ನೂರಕ್ಕೂ ಹೆಚ್ಚು ವರ್ಷ ಮೊದಲು ಕಂಡ: ಅಷ್ಟು ದೊಡ್ಡ ಪರ್ವತ ಎಳೆದದ್ದು ಅತಿ ಕಡಿಮೆ. ಆಂಡೀಸ್ ನಿಂತಿರುವುದು ಫಲಕವೊಂದು ಅಡಿಗೆ ನುಗ್ಗುವ ಅಂಚಿನ ಮೇಲೆ ಎಂಬುದು ಆತನಿಗೆ ತಿಳಿಯುವಂತಿರಲಿಲ್ಲ.

ಇನ್ನೂ ಒಂದಿದೆ. ತಿರುವಿನಲ್ಲಿ ನಿಂತರೆ ಎಡಕ್ಕೆ ಗೋಡೆಯ ಹಾಗೆ ಬೆಟ್ಟ, ಬಲಕ್ಕೆ ಪಾತಾಳ. ಬೆಟ್ಟ ತಲೆಯ ಮೇಲಿಂದ ಮೇಲಕ್ಕೆ ಎಳೆಯುತ್ತದೆ, ಎಳೆತ ಕಡಿಮೆ ಕಾಣುತ್ತದೆ. ಪಾತಾಳದಲ್ಲಿ ಕಲ್ಲು ಇರಬೇಕಾದ ಕಡೆ ಬರೀ ಗಾಳಿ, ಎಳೆತ ಮತ್ತೂ ಕಡಿಮೆ ಕಾಣುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ ಎಂದು ನಾನು ಅಂದುಕೊಂಡಿದ್ದೆ. ಇಲ್ಲ, ಎರಡೂ ಒಂದೇ ಕಡೆಗೆ ತಪ್ಪಿಸುತ್ತವೆ. ಅದನ್ನು ಅಷ್ಟೂ ಮತ್ತೆ ಕೂಡಿಸಬೇಕು.

ತೊಂದರೆ ಆದದ್ದು ಒಂಬತ್ತನೇ ತಿರುವಿನ ಆಚೆ. ಎದುರಿನಿಂದ ಒಂದು ಕಾರು ತಿರುವಿನಲ್ಲಿ ಅಗಲಕ್ಕೆ ಬಂತು, ಡ್ರೈವರಣ್ಣ ಬ್ರೇಕ್ ಒತ್ತಿದರು, ಪೆಟ್ಟಿಗೆ ಸೀಟಿನಿಂದ ಜಾರಿ ಮುಂದಿನ ಕಂಬಿಗೆ ಬಡಿಯಿತು. ಬೆಲ್ಟ್ ಹಾಕಿ ಬಿಗಿಯಬೇಕಾದವಳು ನಾನು. ಎಂಟನೇ ತಿರುವಿನಲ್ಲಿ ಗಡಿಬಿಡಿಯಲ್ಲಿ ಬಿಗಿದಿರಲಿಲ್ಲ. ಹೊರಗಿಂದ ಏನೂ ಆಗಿರಲಿಲ್ಲ. ತೆರೆ ಉರಿಯುತ್ತಿತ್ತು, ಮಟ್ಟ ಸರಿ ಇತ್ತು, ಅಂಕಿಗಳೂ ಬರುತ್ತಿದ್ದವು. ಮೇಲಿನ ಆರು ಸ್ಟೇಷನ್ ಮುಗಿಸಿ, ಆಗುಂಬೆಯಲ್ಲಿ ಊಟ ಮಾಡಿ, ಇಳಿದು ಬಂದು ಸಂಜೆ ಸೋಮೇಶ್ವರದ ಅದೇ ಕಟ್ಟೆಯಲ್ಲಿ ಓದಿದೆವು. ಚಂದ್ರನದ್ದು, ಸ್ಪ್ರಿಂಗಿನ ಸಡಿಲದ್ದು ಎಲ್ಲ ಕಳೆದ ಮೇಲೂ ಬೆಳಗಿನ ಅಂಕಿಗೂ ಇದಕ್ಕೂ 0.31 ಮಿಲಿಗ್ಯಾಲ್ ವ್ಯತ್ಯಾಸ. ಬಡಿತಕ್ಕೆ ಸ್ಪ್ರಿಂಗ್ ಒಮ್ಮೆಗೇ ಹಾರಿ ಹೊಸ ಜಾಗದಲ್ಲಿ ಕೂತಿತ್ತು. ಕಾಲಡಿಯ ಕಲ್ಲಿನ ಎಳೆತವನ್ನೂ ಲೆಕ್ಕಕ್ಕೆ ಹಿಡಿದರೆ, ಎತ್ತರದಲ್ಲಿ ಒಂದೂವರೆ ಮೀಟರ್ ತಪ್ಪಿದಷ್ಟು ತಪ್ಪು.

ಸರ್ ಬೈಯಲಿಲ್ಲ. "ಮೇಲಿನ ಆರೂ ನಾಳೆ ಮತ್ತೆ" ಎಂದಷ್ಟೇ ಹೇಳಿದರು. ನನಗೆ ಅಳು ಬಂದಿತ್ತು. ಜೂನಿಯರ್, "0.31 ಆ ಆರಕ್ಕೂ ಕಳೆದ್ರೆ ಆಯ್ತಲ್ಲ ಅಕ್ಕ" ಎಂದ. ಕಳೆಯಬಹುದು, ನೆಗೆತ ಅಲ್ಲೇ, ಒಂದೇ ಸಲಕ್ಕೆ ಆಗಿದೆ ಎಂಬ ಖಾತ್ರಿ ಇದ್ದರೆ. ಇಳಿಯುವಾಗಲೂ ಹಾರಿರಬಹುದಲ್ಲ? ನೋಡದ ಜಾಗದ ಅಂಕಿಯನ್ನು ಊಹಿಸಿ ಬರೆಯುವಂತಿಲ್ಲ.

ರಾತ್ರಿ ಹೆಬ್ರಿಯಲ್ಲಿ ಲಾಡ್ಜು. ಕಷಾಯ ಕುಡಿಯುತ್ತಾ ಸರ್ ಅಂಡಮಾನಿನ ಮಾತು ತೆಗೆದರು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ನೆಲ ಜಾರಿತು. ಉತ್ತರ ಅಂಡಮಾನಿನ ದಡ ಮೇಲೆದ್ದು ಹವಳ ಬಿಸಿಲಿಗೆ ಬಂತು, ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ಲೈಟ್‌ಹೌಸಿನ ಬುಡಕ್ಕೆ ಕಡಲು ನುಗ್ಗಿತು. 2002ರಲ್ಲಿ ಹಾರಿಸಿದ್ದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಮೇಲಿಂದಲೇ ಅಲ್ಲಿಯ ಎಳೆತ ಬದಲಾದದ್ದನ್ನು ಹಿಡಿದವು. ಬದಲಾದದ್ದು ಸುಮಾರು 15 ಮೈಕ್ರೋಗ್ಯಾಲ್, ಅಂದರೆ ಮಿಲಿಗ್ಯಾಲಿನ ಸಾವಿರದ ಹದಿನೈದು ಪಾಲು. "ನಿನ್ನ ಇವತ್ತಿನ ತಪ್ಪು ಅದರ ಇಪ್ಪತ್ತು ಪಟ್ಟು" ಎಂದರು ಸರ್. ಚುಚ್ಚಲು ಹೇಳಿದ್ದಲ್ಲ. ಬೆಲ್ಟ್ ಬಿಗಿಯುವುದಕ್ಕೂ ಅಂಡಮಾನಿಗೂ ಇರುವ ಸಂಬಂಧ ಹೇಳಿದ್ದು.

ಐದನೇ ದಿನ, ಮತ್ತೆ ಘಾಟಿ, ಮತ್ತೆ ಮಂಗಳೂರು

ಬೆಳಕು ಹರಿಯುವ ಮೊದಲೇ ಹತ್ತಿದೆವು. ಮಂಜು, ರಸ್ತೆಯಲ್ಲಿ ಸಿಂಗಳೀಕಗಳು. ಪೆಟ್ಟಿಗೆಗೆ ಎರಡು ಬೆಲ್ಟ್, ಅಡಿಗೆ ಅಜ್ಜಿ ಕೊಟ್ಟ ಹಳೆಯ ಹತ್ತಿ ದಿಂಬು. ಎಂಟನೇ ತಿರುವಿನಿಂದ ಮೇಲಿನ ಆರೂ ಸ್ಟೇಷನ್, ಪ್ರತಿಯೊಂದರಲ್ಲೂ ಐದೈದು ಓದು. ಇಳಿದು ಬಂದು ಸೋಮೇಶ್ವರದ ಕಟ್ಟೆಯಲ್ಲಿ ಇಟ್ಟಾಗ ವ್ಯತ್ಯಾಸ 0.02. ಅಂಗಡಿಯವರು ಎರಡು ದಿನದಿಂದ ನಮ್ಮನ್ನು ನೋಡಿ ನೋಡಿ, "ಸರಿ ಆಯ್ತಾ?" ಎಂದು ಕೇಳಿದರು. ಆಯ್ತು ಎಂದೆ. ಬಿಸಿ ಗೋಳಿಬಜೆಯ ಪೊಟ್ಟಣಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಂಗಳೂರಿನ ಜಗಲಿಗೆ ಮುಟ್ಟಿದಾಗ ರಾತ್ರಿ ಎಂಟು. ಕೊನೆಯ ಬೇಸ್ ಓದು ಮುಗಿಸಿ ಅಲ್ಲೇ ಲ್ಯಾಪ್‌ಟಾಪ್ ತೆರೆದು ಕಳೆಯಲು ಕೂತೆವು. ಅಕ್ಷಾಂಶ ಕಳೆ, ಎತ್ತರ ಸರಿಮಾಡು, ಕಲ್ಲಿನ ಎಳೆತ ಕಳೆ, ಬೆಟ್ಟ ಕಣಿವೆ ಕೂಡಿಸು. ಐದು ದಿನದ ಅಷ್ಟೂ ಅಂಕಿ ಕರಗಿ ಉಳಿದದ್ದು ಒಂದು ಗೆರೆ. ಮಲ್ಪೆಯಿಂದ ಪೂರ್ವಕ್ಕೆ ಹೋದ ಹಾಗೆ ಅದು ಇಳಿಯುತ್ತದೆ, ಘಾಟಿಯ ಕಡೆ ಇನ್ನೂ ಇಳಿಯುತ್ತದೆ. ಒಳನಾಡಿನ ತೊಗಟೆ ದಪ್ಪ, ಕಡಲ ಕಡೆ ತೆಳು, ಎಂದು ಓದಿದ್ದಕ್ಕೆ ಹೊಂದುತ್ತದೆ. ತೊಗಟೆ ಮುಗಿದು ಮ್ಯಾಂಟಲ್ ಶುರುವಾಗುವ ಗಡಿಗೆ ಮೋಹೋ ಎನ್ನುತ್ತಾರೆ. ಎರಡರ ಸಾಂದ್ರತೆಯ ವ್ಯತ್ಯಾಸ ಘನ ಸೆಂಟಿಮೀಟರಿಗೆ 0.4 ಗ್ರಾಂ ಎಂದಿಟ್ಟುಕೊಂಡರೆ, ಆ ಗಡಿ ಒಂದು ಕಿಲೋಮೀಟರ್ ಕೆಳಗಿಳಿದರೆ ಎಳೆತ ಸುಮಾರು 17 ಮಿಲಿಗ್ಯಾಲ್ ಕುಗ್ಗುತ್ತದೆ. ಆ ಲೆಕ್ಕದಲ್ಲಿ ಒಂದು ಮಾದರಿ ಕಟ್ಟಿದೆ. ಗೆರೆಗೆ ಚೆನ್ನಾಗಿ ಕೂತಿತು.

ಸರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಮೋಹೋವನ್ನು ಸಮತಟ್ಟು ಮಾಡಿ, ಬದಲಿಗೆ ಘಾಟಿಯ ಅಡಿಯ ಕಲ್ಲನ್ನು ಚೂರು ಹಗುರ ಮಾಡಿದರು. ಅದೂ ಅಷ್ಟೇ ಚೆನ್ನಾಗಿ ಕೂತಿತು.

"ಯಾವುದು ಸರಿ?" ಎಂದರು.

ಎಳೆತವೊಂದರಿಂದಲೇ ಹೇಳಲು ಬರುವುದಿಲ್ಲ ಎಂದೆ. ಭೂಕಂಪದ ಅಲೆಗಳು ಯಾವ ಆಳದಲ್ಲಿ ತಿರುಗಿ ಬರುತ್ತವೆ ಎಂದು ನೋಡಬೇಕು, ಕಲ್ಲಿನ ತುಂಡು ತಂದು ಸಾಂದ್ರತೆ ಅಳೆಯಬೇಕು. ಎರಡನ್ನೂ ಹಿಡಿದುಕೊಂಡು ಬಂದರೆ ಎರಡರಲ್ಲಿ ಒಂದು ಮಾದರಿ ಬಿದ್ದುಹೋಗುತ್ತದೆ.

ಸರ್ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕೊಟ್ಟರು. ಅಂಡಮಾನಿನ ಗೆರೆಯನ್ನು ನಮ್ಮ ಗೆರೆಯ ಕೆಳಗೆ ಅದೇ ಅಳತೆಯಲ್ಲಿ ಎಳೆದೆ. ನಮ್ಮದು ಒಂದೇ ಕಡೆಗೆ ನಿಧಾನ ಇಳಿಯುವ ದಿಣ್ಣೆ. ಅದು ಕಂದಕದ ಕಡೆ ಧೊಪ್ಪನೆ ಬಿದ್ದು, ಆಚೆ ಎದ್ದು, ತಣ್ಣಗಿನ ಭಾರದ ಫಲಕ ಆಳಕ್ಕೆ ಇಳಿದ ಕಡೆ ಅಗಲವಾಗಿ ಉಬ್ಬಿತ್ತು. ಆ ಬಿದ್ದ ಜಾಗದಲ್ಲಿ ಒಂದು ಸ್ಟೇಷನ್ ಸಾಲಿನಿಂದ ತುಸು ಹೊರಗಿತ್ತು. ಒಂದು ವಾರದ ಹಿಂದಾಗಿದ್ದರೆ ಅದನ್ನು ಅಳಿಸಿ ಮುಂದೆ ಹೋಗುತ್ತಿದ್ದೆ. ಅದನ್ನು ಯಾರು, ಯಾವ ದಿನ, ಯಾವ ಬೋಟಿನಿಂದ ಇಳಿದು ಓದಿದ್ದು, ಆ ದಿನದ ಬೇಸ್ ಸರಿಹೋಗಿತ್ತೇ ಎಂದು ಕೇಳಿದೆ.

"ನಾನೇ ಓದಿದ್ದು" ಎಂದರು ಸರ್. "ಫೀಲ್ಡ್ ಪುಸ್ತಕ ಮನೆಯಲ್ಲಿ ಉಂಟು. ನಾಳೆ ತರ್ತೇನೆ."

ಮೀಟರನ್ನು ಪ್ಲಗ್ಗಿಗೆ ಹಾಕಿ, ಹೀಟರಿನ ಹಸಿರು ದೀಪ ಹೊತ್ತಿದ್ದನ್ನು ನೋಡಿಕೊಂಡು ಕೋಣೆಯ ಬಾಗಿಲು ಎಳೆದೆ.